ಕುಂಜವನದ ವಕೀಲ: ಗಳಗನಾಥರ ‘ಕನ್ನಡಿಗರ ಕರ್ಮಕಥೆ’

ವರದೆಯು ತುಂಗಭದ್ರೆಯನ್ನು ಕೂಡುವ ಹಾವೇರಿ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಜನಿಸಿ, ಆ ಊರ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರಾದ ವೆಂಕಟೇಶ ತಿರಕೋ ಕುಲಕರ್ಣಿಯವರು, ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿ, ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ, ಉತ್ತರ ಕರ್ನಾಟಕದ ಜನರಲ್ಲಿ ಓದುವ ಹಂಬಲವನ್ನು ಹುಟ್ಟಿಸಿದ ಮಹನೀಯರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಓದುಗರಿಗಂತೂ ಅವರು ಮನೆಯ ಹಿರಿಯರೇ ಸರಿ. ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ವನ್ನು ಆಧರಿಸಿ ಅವರು ರಚಿಸಿದ ‘ಕನ್ನಡಿಗರ ಕರ್ಮಕಥೆ’ಯು ವಿಜಯನಗರದ ಪತನವನ್ನು ಸ್ವಾಮಿನಿಷ್ಠೆಯ ಪ್ರಶ್ನೆಯಾಗಿ ನಮ್ಮ ಮುಂದಿಡುತ್ತದೆ, ಆ ಪ್ರಶ್ನೆಗೆ ಅದು ಕೊಡುವ ಉತ್ತರವನ್ನು ಪರೀಕ್ಷಿಸುವುದು ಅವಶ್ಯ.

ಮುಂದೆ ವಿಜಯನಗರದ ಆಡಳಿತಸೂತ್ರವನ್ನು ಹಿಡಿದ ರಾಮರಾಯನು ಯೌವನದಲ್ಲಿ ಪ್ರೀತಿಸಿ ತೊರೆದ ಮೆಹರ್ಜಾನಳ ಮಗ ರಣಮಸ್ತಖಾನನು ತನ್ನ ತಂದೆ ಯಾರೆಂಬುದನ್ನರಿಯದೆ ಬೆಳೆದು, ವಿಜಾಪುರದ ವಕೀಲನಾಗಿ, ಎಂದರೆ ರಾಯಭಾರಿಯಾಗಿ, ಆ ತಂದೆಯ ರಾಜಧಾನಿಗೇ ಬರುತ್ತಾನೆ. ಹಿಂದೊಮ್ಮೆ ರಾಮರಾಯ-ಮೆಹರ್ಜಾನರ ಪ್ರಣಯದ ನೆಲೆಯಾಗಿದ್ದ ಕುಂಜವನವು ಈಗ ಪರರಾಜ್ಯದ ಕಣ್ಣು ಕಿವಿಗಳಿಗೆ ಬೀಡಾಗುತ್ತದೆ. ಎಲ್ಲವನ್ನೂ ಬಲ್ಲ ತಾಯಿಯ ಮೌನ, ಏನನ್ನೂ ಅರಿಯದ ಮಗನ ದರ್ಪ, ಮಗನ ಮುಖದಲ್ಲಿ ತನ್ನ ಗತಕಾಲವನ್ನು ಕಾಣಬೇಕಾಗಿಬಂದ ತಂದೆಯ ತಳಮಳ, ಈ ಮೂರನ್ನೂ ಗಳಗನಾಥರು ಹೆಣೆದಿರುವ ಬಗೆಯು ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ವಿರಳವಾದುದು. ದ್ರೋಹವು ಶತ್ರುವಿನ ಹೊನ್ನಿನಿಂದಲ್ಲದೆ ದೊರೆಯ ಅನ್ಯಾಯದಿಂದಲೂ ಹುಟ್ಟೀತೆಂಬ ದಾರುಣ ಸತ್ಯವನ್ನು ಈ ಪ್ರಕರಣಗಳು ನುಡಿಯುತ್ತವೆ.

ಆದರೆ ದಖ್ಖನಿನ ಸುಲ್ತಾನರು ಒಂದಾಗಿ ವಿಜಯನಗರವನ್ನು ಎದುರಿಸಿದ 1565ರ ಜನವರಿಯ ಮಹಾಯುದ್ಧದ ಸೋಲಿನ ಹೊಣೆಯನ್ನು ಕಥೆಯು ರಣಮಸ್ತಖಾನನೊಬ್ಬನ ದ್ರೋಹದ ಮೇಲೆಯೇ ಹೊರಿಸಹೊರಟಾಗ ನಾನು ಒಪ್ಪಲಾರೆ. ಇಬ್ಬರು ಮುಸಲ್ಮಾನ ಸೇನಾನಿಗಳು ಪಕ್ಷಾಂತರ ಮಾಡಿದರೆಂದು ಯುದ್ಧಾನಂತರ ವಿಜಯನಗರಕ್ಕೆ ಬಂದ ವೆನಿಸಿನ ವರ್ತಕ ಸೀಸರ್ ಫ್ರೆಡರಿಕನು ಬರೆದಿರುವುದು ನಿಜ; ಇತಿಹಾಸಕಾರ ಫೆರಿಶ್ತಾನಾದರೋ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದ ತೋಪುಗಳನ್ನೂ, ಮೇಲೇರಿ ಬಂದ ಆನೆಗೆ ಬೆದರಿ ಬೋಯಿಗಳು ರಾಮರಾಯನನ್ನು ಬಿಟ್ಟೋಡಿದುದನ್ನೂ ವರ್ಣಿಸುತ್ತಾನೆ. ಅದಕ್ಕಿಂತಲೂ ಮುಖ್ಯವಾದುದು ರಾಮರಾಯನ ರಾಜನೀತಿ. ಗೋಲ್ಕೊಂಡದ ಇಬ್ರಾಹಿಮ ಕುತುಬಶಹನು ಪಟ್ಟವೇರುವ ಮೊದಲು ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದನು. ವಿಜಾಪುರದ ಅಲಿ ಆದಿಲಶಹನು, ರಾಮರಾಯನ ಮಗ ತೀರಿಕೊಂಡಾಗ, ತಾನೇ ಬಂದು ಸಂತೈಸಿ ಮಗನೆನಿಸಿಕೊಂಡನು. ನೆರೆಯ ಆಸ್ಥಾನಗಳಲ್ಲಿ ತನ್ನವರನ್ನು ಬೆಳೆಸುತ್ತ, ಒಬ್ಬ ಸುಲ್ತಾನನನ್ನು ಮತ್ತೊಬ್ಬನ ಮೇಲೆ ಎತ್ತಿಕಟ್ಟುತ್ತ ದಶಕಗಳನ್ನು ಕಳೆದವನಿಗೆ, ಅವರೆಲ್ಲರೂ ಒಂದಾದ ದಿನ ಎದುರಾದ ವಿಪತ್ತಿಗೆ ವಕೀಲನೊಬ್ಬನ ಕಪಟವೇ ಕಾರಣವಾಗಬೇಕಾಗಿರಲಿಲ್ಲ.

ನಿಷ್ಠೆಯನ್ನು ಮತದಿಂದಲೋ ರಕ್ತದಿಂದಲೋ ಅಳೆಯುವ ಓದುಗನಿಗೆ ಈ ಕಥೆಯು ಸುಲಭವಾಗಿ ಆಯುಧವಾಗಬಲ್ಲದೆಂಬುದೇ ನನ್ನ ಆತಂಕ. ವಿಜಯನಗರದ ಎರಡನೆಯ ದೇವರಾಯನು ಮುಸಲ್ಮಾನ ಯೋಧರನ್ನು ಸೇನೆಗೆ ಸೇರಿಸಿಕೊಂಡು, ಅವರ ವಂದನೆಗೆ ಅಡ್ಡಿಯಾಗದಂತೆ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂದು ಅದೇ ಫೆರಿಶ್ತಾನು ಹೇಳುತ್ತಾನೆ. ಇತ್ತ ನಮ್ಮ ಸೀಮೆಯಲ್ಲಿಯೇ, ಗಳಗನಾಥರು ತೀರಿಕೊಂಡ ಮರುವರ್ಷ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಸ್ವಾತಂತ್ರ್ಯ ಹೋರಾಟದಲ್ಲಿ ಬ್ರಿಟಿಷ್ ಸರಕಾರದ ಪೊಲೀಸರ ಗುಂಡಿಗೆ ಬಲಿಯಾದರು. ಪರಕೀಯ ಸರಕಾರದ ಅನ್ನವುಂಡು ಆ ಬಂದೂಕುಗಳನ್ನು ಹಿಡಿದಿದ್ದವರು ಪರದೇಶದವರಾಗಿರಲಿಲ್ಲ.

ಆದುದರಿಂದ ರಣರಂಗದ ಅಧ್ಯಾಯಗಳಿಗಿಂತ ಕುಂಜವನದ ಅಧ್ಯಾಯಗಳಿಗೆ ನಾನು ಹೆಚ್ಚಿನ ಬೆಲೆ ಕಟ್ಟುತ್ತೇನೆ. ಅಲ್ಲಿಯ ಗಳಗನಾಥರು ಮನುಷ್ಯಹೃದಯವನ್ನು ಬಲ್ಲ ಶ್ರೇಷ್ಠ ಕಥನಕಾರರು. ಇತಿಹಾಸದ ತೀರ್ಪುಗಾರರಾಗಿ ಅವರು ಅಷ್ಟು ವಿಶ್ವಾಸಾರ್ಹರಲ್ಲ.