ಕ್ರಿಯಾಪದವೂ ಕಾದಂಬರಿಯ ಲೋಕವೂ

ಕಾದಂಬರಿಯ ಪಾತ್ರವೊಂದು ಅಸಹಾಯಕವಾಗಿದೆ ಎಂದು ಹೇಳುವುದು ವಿಮರ್ಶಕನಿಗೆ ಸುಲಭ. ಆ ಅಸಹಾಯಕತೆ ಗ್ರಂಥದ ಯಾವ ವಾಕ್ಯದಲ್ಲಿ ನೆಲಸಿದೆ ಎಂದು ಕೇಳಿದರೆ ಅವನು ಸಾಮಾನ್ಯವಾಗಿ ಕಥೆಯ ಸಾರಾಂಶಕ್ಕೆ ಮರಳುತ್ತಾನೆ. ವ್ಯಾಕರಣವನ್ನು ಬಲ್ಲವನು ಕರ್ತೃ, ಕರ್ಮ, ಕ್ರಿಯೆಗಳನ್ನು ಬಿಡಿಸಿ ತೋರಿಸಬಲ್ಲ. ಆದರೆ ಅವುಗಳಿಂದ ಮನುಷ್ಯನೊಬ್ಬನ ಪಾಡು ಹೇಗೆ ಮೂಡಿತೆಂಬುದು ತನ್ನ ಕೆಲಸವಲ್ಲವೆಂದು ಸುಮ್ಮನಾಗುತ್ತಾನೆ. ಈ ಎರಡು ಮೌನಗಳ ನಡುವೆ ಸೇತುವೆ ಕಟ್ಟಲು ನಡೆದ ಪ್ರಯತ್ನಗಳಲ್ಲಿ ಇಂಗ್ಲೆಂಡಿನ ಭಾಷಾವಿಜ್ಞಾನಿ ಮೈಕೇಲ್ ಹ್ಯಾಲಿಡೇ 1971ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ವಿಶೇಷ ಸ್ಥಾನವುಂಟು. ಅವನು ಆರಿಸಿಕೊಂಡ ಕೃತಿ ವಿಲಿಯಂ ಗೋಲ್ಡಿಂಗನ ಎರಡನೆಯ ಕಾದಂಬರಿ, 1955ರಲ್ಲಿ ಹೊರಬಂದ ‘ದಿ ಇನ್‌ಹೆರಿಟರ್ಸ್’.

ಆ ಕಾದಂಬರಿಯ ಲೋಕ ಇತಿಹಾಸಕ್ಕೂ ಹಿಂದಿನದು. ನಿಯಾಂಡರ್ತಾಲ್ ಮಾನವರ ಸಣ್ಣದೊಂದು ಗುಂಪು ಚಳಿಗಾಲ ಕಳೆದು ಬೆಟ್ಟದ ವಾಸಕ್ಕೆ ಮರಳುತ್ತದೆ. ಅಷ್ಟರಲ್ಲಿ ಹೊಸ ಜನ ಅಲ್ಲಿಗೆ ಬಂದಿದ್ದಾರೆ. ಅವರ ಬಳಿ ದೋಣಿಗಳಿವೆ, ಬಿಲ್ಲುಬಾಣಗಳಿವೆ, ಮಾದಕ ಪಾನೀಯವಿದೆ. ಅವರು ನಮ್ಮಂಥ ಮನುಷ್ಯರು. ಹಳೆಯ ಗುಂಪು ಒಬ್ಬೊಬ್ಬರಾಗಿ ಅಳಿಯುತ್ತದೆ. ಗ್ರಂಥದ ಬಹುಭಾಗವೆಲ್ಲ ಆ ಗುಂಪಿನ ಲಾಕ್ ಎಂಬವನ ಕಣ್ಣಿನಿಂದ ಕಂಡದ್ದು. ಕೊನೆಗೆ ಮಾತ್ರ ದೃಷ್ಟಿ ಹಠಾತ್ತಾಗಿ ಹೊರಳಿ, ಲಾಕ್ ದೂರದಿಂದ ಕಾಣುವ ಒಂದು ಕೆಂಪು ಪ್ರಾಣಿಯಾಗುತ್ತಾನೆ. ಕಡೆಯ ಅಧ್ಯಾಯ ಹೊಸ ಜನರದೇ.

ಹೊಸಬನೊಬ್ಬ ನದಿಯ ಆಚೆಯಿಂದ ಲಾಕನ ಮೇಲೆ ಬಾಣ ಬಿಡುವ ಸಂದರ್ಭ ಪ್ರಸಿದ್ಧವಾದುದು. ಬಿಲ್ಲು ಎಂಬ ವಸ್ತುವಾಗಲಿ, ದೂರದಿಂದ ಕೊಲ್ಲಬಹುದೆಂಬ ಕಲ್ಪನೆಯಾಗಲಿ ಲಾಕನಿಗಿಲ್ಲ. ಅವನಿಗೆ ಕಾಣುವುದು ಇಷ್ಟೆ: ಒಂದು ಕೋಲು ಎರಡೂ ತುದಿಗಳಲ್ಲಿ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ, ಪಕ್ಕದ ಮರದಲ್ಲಿ ಏನೋ ಸದ್ದಾಗುತ್ತದೆ. ಬಾಗಿಸಿದವನಿಲ್ಲ, ಎಸೆದವನಿಲ್ಲ. ಕೊಲೆಯ ಯತ್ನವೊಂದು ಕೋಲಿನ ವಿಚಿತ್ರ ನಡತೆಯಾಗಿ ವರ್ಣಿತವಾಗಿದೆ. ಮೊದಲ ಓದಿಗೆ ಓದುಗನೂ ತಬ್ಬಿಬ್ಬಾಗುತ್ತಾನೆ. ಅರ್ಥವಾದ ಮೇಲೆ, ಅರ್ಥವಾಗದೆ ನಿಂತಿರುವ ಲಾಕನಿಗಾಗಿ ಅವನ ಮನಸ್ಸು ಕಳವಳಗೊಳ್ಳುತ್ತದೆ.

ಈ ಪರಿಣಾಮದ ಮೂಲವನ್ನು ಹ್ಯಾಲಿಡೇ ಕ್ರಿಯಾಪದಗಳಲ್ಲಿ ಹುಡುಕಿದ. ಅವನ ಗುರು ಜೆ. ಆರ್. ಫರ್ತ್, 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದವನು. ಭಾಷೆಯ ಅರ್ಥವನ್ನು ಅದು ಬಳಕೆಯಾಗುವ ಸನ್ನಿವೇಶದಿಂದ ಬೇರ್ಪಡಿಸಲಾಗದು ಎಂಬುದು ಫರ್ತನ ನಿಲುವು. ಅದನ್ನೇ ಶಿಷ್ಯನು ಬೆಳೆಸಿ, ಭಾಷೆಯೆಂಬುದು ಆಯ್ಕೆಗಳ ಒಂದು ವ್ಯವಸ್ಥೆ, ಪ್ರತಿಯೊಂದು ವಾಕ್ಯವೂ ಅನುಭವವನ್ನು ಒಂದು ರೀತಿಯಲ್ಲಿ ಕಡೆದು ನಿಲ್ಲಿಸುತ್ತದೆ ಎಂದ. 1985ರಲ್ಲಿ ಬಂದ ಅವನ ವ್ಯಾಕರಣ ಗ್ರಂಥದಲ್ಲಿ ಈ ಕಡೆಯುವಿಕೆಯ ಬಗೆಗಳು ಆರು: ಮಾಡುವುದು ಮತ್ತು ಆಗುವುದು, ಅರಿಯುವುದು, ಸಂಬಂಧ ಕಲ್ಪಿಸುವುದು, ನುಡಿಯುವುದು, ವರ್ತಿಸುವುದು, ಇರುವುದು. ಪ್ರತಿಯೊಂದು ಬಗೆಗೂ ಅದರದೇ ಪಾತ್ರಧಾರಿಗಳುಂಟು. ಮಾಡುವಲ್ಲಿ ಕರ್ತೃವೂ ಅವನ ಕ್ರಿಯೆ ತಗಲುವ ಗುರಿಯೂ. ಅರಿಯುವಲ್ಲಿ ಅನುಭವಿಸುವವನೂ ಅನುಭವಕ್ಕೆ ಒದಗುವ ವಿಷಯವೂ.

ಗೋಲ್ಡಿಂಗನ ಕಾದಂಬರಿಯಿಂದ ಮೂರು ಭಾಗಗಳನ್ನು ತೆಗೆದು ಹ್ಯಾಲಿಡೇ ಎಣಿಸಿ ನೋಡಿದ. ಲಾಕನ ಲೋಕದಲ್ಲಿ ಜನ ಚಲಿಸುತ್ತಾರೆ, ನೋಡುತ್ತಾರೆ, ಕೂಡುತ್ತಾರೆ, ಏಳುತ್ತಾರೆ. ಹೊರಗಿನ ವಸ್ತುವೊಂದರ ಮೇಲೆ ಕ್ರಿಯೆ ನಡೆಸಿ ಅದನ್ನು ಬದಲಾಯಿಸುವುದು ಅಪೂರ್ವ. ಎಷ್ಟೋ ವಾಕ್ಯಗಳಲ್ಲಿ ಕರ್ತೃಸ್ಥಾನದಲ್ಲಿರುವುದು ಮನುಷ್ಯನೇ ಅಲ್ಲ, ಅವನ ಮೂಗು, ಕೈ, ಇಲ್ಲವೆ ಒಂದು ಕೊಂಬೆ. ಕೊನೆಯ ಭಾಗದಲ್ಲಿ ಹೊಸ ಜನರ ಭಾಷೆ ಬಂದೊಡನೆ ಸಕರ್ಮಕ ಕ್ರಿಯೆಗಳು ತುಂಬಿಕೊಳ್ಳುತ್ತವೆ. ಒಂದು ಜನಾಂಗ ಇನ್ನೊಂದನ್ನು ಗೆದ್ದ ಕಥೆಯನ್ನು ಕಥಾವಸ್ತುವಿಗೆ ಮೊದಲೇ ವ್ಯಾಕರಣ ಹೇಳಿಬಿಟ್ಟಿದೆ ಎಂಬುದು ಅವನ ವಾದದ ತಿರುಳು.

ಎರಡೇ ವರ್ಷಗಳಲ್ಲಿ, 1973ರಲ್ಲಿ, ಅಮೆರಿಕದ ವಿಮರ್ಶಕ ಸ್ಟ್ಯಾನ್ಲಿ ಫಿಷ್ ಈ ಪ್ರಬಂಧವನ್ನು ಕಟುವಾಗಿ ಖಂಡಿಸಿದ. ಅಕರ್ಮಕ ವಾಕ್ಯಗಳು ಹೆಚ್ಚಾಗಿವೆ ಎಂಬುದು ನಿಜವಿರಬಹುದು. ಅವು ಮಂದಬುದ್ಧಿಯ ಗುರುತು ಎಂದು ಹೇಳಿದವರಾರು? ಪ್ರಕೃತಿಯನ್ನು ತನ್ನ ಗುರಿಯಾಗಿಸಿಕೊಳ್ಳದೆ ಅದರೊಡನೆ ಒಂದಾಗಿ ಬಾಳುವವರ ಭಾಷೆಯೂ ಹೀಗೆಯೇ ಇರಬಹುದಲ್ಲವೆ? ವಿಕಾಸವಾದದ ನಂಬಿಕೆಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹ್ಯಾಲಿಡೇ ಅದನ್ನು ವ್ಯಾಕರಣದಲ್ಲಿ ಕಂಡುಹಿಡಿದಂತೆ ನಟಿಸಿದ್ದಾನೆಂದು ಫಿಷನ ಆಕ್ಷೇಪ. ಅಂಕಿಗಳು ವ್ಯಾಖ್ಯಾನವನ್ನು ಹಡೆಯುವುದಿಲ್ಲ. ವ್ಯಾಖ್ಯಾನವೇ ಅಂಕಿಗಳಿಗೆ ಬಾಯಿ ಕೊಡುತ್ತದೆ.

ಆಕ್ಷೇಪ ಪೊಳ್ಳಲ್ಲ. ಆದರೂ ಅದು ಹೊಡೆಯುವುದು ಹ್ಯಾಲಿಡೇಯ ತೀರ್ಮಾನದ ಒಂದಂಶವನ್ನು, ಅವನ ವಿಧಾನದ ಬೇರನ್ನಲ್ಲ. ಕೇವಲ ಹೆಚ್ಚು ಬಾರಿ ಬಂದ ರೂಪ ಬೇರೆ, ಕೃತಿಯ ಒಟ್ಟು ಅರ್ಥಕ್ಕೆ ದುಡಿಯುವಂತೆ ಮುನ್ನೆಲೆಗೆ ಬಂದ ರೂಪ ಬೇರೆ ಎಂಬ ವಿವೇಚನೆ ಅದೇ ಪ್ರಬಂಧದಲ್ಲಿದೆ. ಭಾರತೀಯ ವೈಯಾಕರಣರ ಪರಿಭಾಷೆ ಬಲ್ಲವರಿಗೆ ಈ ಮಾತು ಹೊಸದೆನಿಸಲಾರದು. ಪಾಣಿನಿಯ ಪರಂಪರೆಯಲ್ಲಿ ಕರ್ತೃವೆಂದರೆ ಕ್ರಿಯೆಯಲ್ಲಿ ಸ್ವತಂತ್ರನೆಂದು ಹೇಳಲ್ಪಟ್ಟವನು. ಯಾವುದಕ್ಕೆ ಆ ಸ್ವಾತಂತ್ರ್ಯವನ್ನು ಕೊಡಬೇಕೆಂಬುದು ವಕ್ತೃವಿನ ವಿವಕ್ಷೆಗೆ ಸೇರಿದ್ದು. ಅಡಿಗೆಯವನು ಬೇಯಿಸುತ್ತಾನೆ ಎನ್ನಬಹುದು, ಮಡಕೆಯೇ ಬೇಯಿಸುತ್ತದೆ ಎನ್ನಬಹುದು. ಕಟ್ಟಿಗೆ ತಾನೇ ಸೀಳಿತು ಎಂಬಂಥ ಪ್ರಯೋಗಕ್ಕೆ ಅವರು ಕರ್ಮಕರ್ತರಿ ಎಂದು ಹೆಸರನ್ನೇ ಇಟ್ಟರು. ಲಾಕ್ ಕಂಡ ಕೋಲು ಅಪ್ಪಟ ಕರ್ಮಕರ್ತರಿ. ಒಂದೇ ವ್ಯತ್ಯಾಸ: ಕಟ್ಟಿಗೆ ತಾನೇ ಸೀಳಿತು ಎನ್ನುವವನಿಗೆ ಸೀಳಿದವನಾರೆಂದು ಗೊತ್ತು, ಹೇಳುವ ಇಚ್ಛೆ ಇಲ್ಲ. ಲಾಕನಿಗೆ ಗೊತ್ತೇ ಇಲ್ಲ. ಆದುದರಿಂದ ಅಲ್ಲಿನ ವಿವಕ್ಷೆ ಲಾಕನದಲ್ಲ, ಗೋಲ್ಡಿಂಗನದು. ಬೇರೆ ರೀತಿ ಹೇಳಬಲ್ಲವನು ಹಾಗೆ ಹೇಳದಿರುವುದರಲ್ಲಿ ಅರ್ಥ ಹುಟ್ಟುತ್ತದೆ. ಆಯ್ಕೆ ಇಲ್ಲದೆಡೆ ಎಣಿಕೆಯಿಂದ ಏನೂ ಸಿದ್ಧಿಸದು.

ಇಲ್ಲಿಗೆ ಕನ್ನಡದ ಪ್ರಶ್ನೆ ಎದುರಾಗುತ್ತದೆ. ಈ ವಿಧಾನವನ್ನು ಕನ್ನಡ ಕಾದಂಬರಿಗೆ ಹಚ್ಚುವ ಉತ್ಸಾಹಿಗಳು ಆರು ಬಗೆಗಳ ಪಟ್ಟಿಯನ್ನು ಅನುವಾದಿಸಿಕೊಂಡು, ವಾಕ್ಯಗಳನ್ನು ಆರು ಬುಟ್ಟಿಗಳಿಗೆ ಹಾಕಿ, ಶೇಕಡಾವಾರು ಲೆಕ್ಕ ಒಪ್ಪಿಸುವುದುಂಟು. ಇದು ಶ್ರಮ, ವಿಮರ್ಶೆಯಲ್ಲ. ಕೇಶಿರಾಜನ ಕಾಲದಿಂದ ಕನ್ನಡ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿ ಎರಕಗೊಂಡಿತೆಂದೂ, ಕನ್ನಡಕ್ಕೆ ಅದರದೇ ವ್ಯಾಕರಣ ಬೇಕೆಂದೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅಭ್ಯಾಸ ಮಾಡಿದ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಅವರ ಎಲ್ಲ ಸೂಚನೆಗಳನ್ನೂ ಒಪ್ಪಬೇಕೆಂದಿಲ್ಲ. ಆದರೆ ಸಂಸ್ಕೃತದ ಅಚ್ಚನ್ನು ಕಳಚಿ ಇಂಗ್ಲಿಷಿನ ಅಚ್ಚನ್ನು ತೊಡಿಸುವುದರಿಂದ ಲಾಭವೇನು?

ಇಂಗ್ಲಿಷಿನಲ್ಲಿ ಅರಿಯುವವನು ಸಾಮಾನ್ಯವಾಗಿ ಪ್ರಥಮಾ ವಿಭಕ್ತಿಯಲ್ಲಿ ನಿಂತು ವಾಕ್ಯವನ್ನು ಆಳುತ್ತಾನೆ. ಕನ್ನಡದಲ್ಲಿ ಅವನು ಚತುರ್ಥಿಯಲ್ಲಿ ನಿಲ್ಲುವುದು ನಿತ್ಯದ ಮಾತು. ಅವನಿಗೆ ನೆನಪಾಯಿತು, ಅವಳಿಗೆ ಹಸಿವಾಯಿತು, ಅವರಿಗೆ ಗೊತ್ತು, ಮಗುವಿಗೆ ಬೇಕು. ಭಾಷೆಯನ್ನು ಸಹ ಕನ್ನಡಿಗನು ಬಲ್ಲನೆನ್ನುವುದಕ್ಕಿಂತ ಅದು ಅವನಿಗೆ ಬರುತ್ತದೆ ಎನ್ನುವುದೇ ಹೆಚ್ಚು. (ಹೊರನಾಡಿನಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಬರುತ್ತದೆಯೆ ಎಂದು ಕೇಳುವಾಗ ತಂದೆತಾಯಿಗಳ ಧ್ವನಿಯಲ್ಲಿರುವ ಅಳುಕು ಈ ವಿಭಕ್ತಿಗೆ ಚೆನ್ನಾಗಿ ಒಪ್ಪುತ್ತದೆ.) ಇಂಥ ವಾಕ್ಯಗಳನ್ನು ಎಣಿಸಿ, ಪಾತ್ರ ನಿಷ್ಕ್ರಿಯವಾಗಿದೆ ಎಂದು ತೀರ್ಪು ಕೊಟ್ಟರೆ ಕನ್ನಡಿಗರೆಲ್ಲರೂ ನಿಷ್ಕ್ರಿಯರೆಂದಂತಾಯಿತು. ಚತುರ್ಥಿ ಇಲ್ಲಿ ದೈನ್ಯವಲ್ಲ, ವಾಡಿಕೆ.

ನಿರ್ಜೀವ ವಸ್ತುಗಳ ವಿಷಯದಲ್ಲಿಯೂ ಹೀಗೆಯೇ. ಗಾಳಿಗೆ ಬಾಗಿಲು ತೆರೆದುಕೊಂಡಿತು, ಬಿಸಿಲಿಗೆ ಬಟ್ಟೆ ಒಣಗಿತು, ಮಳೆಗೆ ಗೋಡೆ ಬಿದ್ದಿತು ಎನ್ನುವುದು ಕನ್ನಡದ ಸಹಜ ನಡೆ. ಕಾರಣ ಒಂದು ವಿಭಕ್ತಿಯಲ್ಲಿ ಅಡಗಿ ಕೂಡುತ್ತದೆ. ಗಾಳಿ ಬಾಗಿಲನ್ನು ತೆರೆಯಿತು ಎಂದರೆ ಗಾಳಿಗೆ ಎಲ್ಲಿಲ್ಲದ ಸಂಕಲ್ಪಶಕ್ತಿ ಬಂದಂತಾಗುತ್ತದೆ. ಕೋಲು ಕುಗ್ಗಿತು ಎಂಬುದು ಇಂಗ್ಲಿಷ್ ಓದುಗನನ್ನು ಬೆಚ್ಚಿಸಿದಷ್ಟು ಕನ್ನಡ ಓದುಗನನ್ನು ಬೆಚ್ಚಿಸದು. ಗೋಲ್ಡಿಂಗನ ಕಾದಂಬರಿಯನ್ನು ಕನ್ನಡಿಸಹೊರಟವನು ಅಕರ್ಮಕಕ್ಕೆ ಅಕರ್ಮಕವನ್ನಿಟ್ಟು ತೃಪ್ತನಾದರೆ ಲಾಕನ ವೈಲಕ್ಷಣ್ಯವೇ ಮಾಯವಾದೀತು. ಅವನು ಬೇರೆ ಎಲ್ಲಿಯೋ ಕೈ ಹಾಕಬೇಕು: ಬಹುಶಃ ‘ಇಸು’ ಪ್ರತ್ಯಯವನ್ನೇ ಲಾಕನ ಅಧ್ಯಾಯಗಳಿಂದ ದೂರವಿಟ್ಟು, ಕೊನೆಯ ಅಧ್ಯಾಯದಲ್ಲಿ ಅದನ್ನು ಪ್ರವಾಹದಂತೆ ಬಿಡಬೇಕು. ಓಡು, ಬೇಯು, ಆರು, ತಿರುಗು ಇವು ಲಾಕನವು. ಓಡಿಸು, ಬೇಯಿಸು, ಆರಿಸು, ತಿರುಗಿಸು ಹೊಸ ಜನರವು. ಎರಡು ಜನಾಂಗಗಳ ನಡುವಣ ಅಂತರವನ್ನು ಕನ್ನಡ ಒಂದು ಪ್ರತ್ಯಯದಲ್ಲಿ ಹಿಡಿಯಬಲ್ಲದೆಂಬುದು ಈ ಭಾಷೆಯ ಭಾಗ್ಯವೇ ಸರಿ.

ಹಾಗಾದರೆ ಕನ್ನಡ ಕಾದಂಬರಿಯಲ್ಲಿ ಎಣಿಸಬೇಕಾದುದು ಏನು? ಕನ್ನಡವೇ ಒಡ್ಡುವ ಆಯ್ಕೆಗಳನ್ನು. ಒಂದು ಉದಾಹರಣೆ ಸಾಕು. ಯೋಚನೆಯೊಂದು ಪಾತ್ರದ ಮನಸ್ಸಿನಲ್ಲಿ ಹಾಯುವುದನ್ನು ಕನ್ನಡ ಕಥೆಗಾರ ಮುಖ್ಯವಾಗಿ ಎರಡು ರೀತಿ ಹೇಳಬಲ್ಲ: ಅವನು ಹಾಗೆಂದುಕೊಂಡ, ಅವನಿಗೆ ಹಾಗೆನ್ನಿಸಿತು. ಎರಡರ ಮೂಲವೂ ‘ಎನ್’ ಎಂಬ ನುಡಿಯುವ ಧಾತು. ಕನ್ನಡದಲ್ಲಿ ಯೋಚನೆಯೆಂದರೆ ಒಳಗಿನ ಮಾತೇ. ಆದರೆ ಮೊದಲನೆಯದರಲ್ಲಿ ಆಡುವವನು ತಾನೇ, ‘ಕೊಳ್ಳು’ ಎಂಬುದು ಆ ಮಾತನ್ನು ಅವನಿಗೇ ಮರಳಿಸುತ್ತದೆ. ಎರಡನೆಯದರಲ್ಲಿ ಯಾವುದೋ ಒಂದು ಅವನಿಂದ ಆ ಮಾತನ್ನು ಆಡಿಸುತ್ತದೆ, ಯಾವುದೆಂದು ತಿಳಿಯದು. ಎರಡೂ ಬಳಕೆಯ ರೂಪಗಳಾದ್ದರಿಂದಲೇ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೊರಳುವ ಗಳಿಗೆ ಸಾರ್ಥಕವಾಗುತ್ತದೆ. ನೋಡಿದ, ಕಂಡ, ಕಾಣಿಸಿತು ಎಂಬ ಮೂರರ ನಡುವೆಯೂ ಇಂಥದೇ ಇಳಿಜಾರುಂಟು.

ಈ ದೃಷ್ಟಿಯಿಂದ ಪರೀಕ್ಷೆಗೆ ಹೇಳಿಮಾಡಿಸಿದಂತಿರುವ ಕೃತಿ ಯಶವಂತ ಚಿತ್ತಾಲರ ‘ಶಿಕಾರಿ’ (1979). ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ, ರಾಸಾಯನಿಕ ಉದ್ಯಮದಲ್ಲಿ ಕಳೆದವರು. ಕಾದಂಬರಿಯ ನಾಯಕ ನಾಗಪ್ಪನೂ ಅದೇ ನಗರದ ಕಂಪನಿಯೊಂದರ ಅಧಿಕಾರಿ. ಏನು ತಪ್ಪು ಮಾಡಿದನೆಂದು ತಿಳಿಯುವ ಮುನ್ನವೇ ಅವನನ್ನು ಕೆಲಸದಿಂದ ದೂರವಿಡಲಾಗುತ್ತದೆ. ಅಲ್ಲಿಂದಾಚೆಗೆ ತನ್ನನ್ನು ಬೇಟೆಯಾಡುತ್ತಿರುವವರು ಯಾರು ಎಂಬ ಹುಡುಕಾಟವೇ ಕಥೆ. ಹೆಸರು ಬೇಟೆಗಾರನದು, ಓದುಗನು ಇರುವುದು ಬೇಟೆಯ ಮನಸ್ಸಿನೊಳಗೆ. ಕರ್ತೃವನ್ನು ಹುಡುಕುವ ಕರ್ಮವೊಂದರ ಕಥೆ ಎಂದು ವ್ಯಾಕರಣದ ಭಾಷೆಯಲ್ಲಿ ಹೇಳಬಹುದು.

ಲಾಕನನ್ನೂ ನಾಗಪ್ಪನನ್ನೂ ಪಕ್ಕಪಕ್ಕದಲ್ಲಿರಿಸಿದರೆ ಸಾದೃಶ್ಯ ಎದ್ದು ಕಾಣುತ್ತದೆ: ಇಬ್ಬರೂ ತಮ್ಮ ಮೇಲೆ ಬಾಣ ಬಿಟ್ಟವನನ್ನು ಕಾಣಲಾರರು. ಆದರೆ ಲಾಕನಿಗೆ ಕರ್ತೃವೆಂಬ ಕಲ್ಪನೆಯೇ ಇಲ್ಲ. ನಾಗಪ್ಪನಿಗೆ ಅದು ವಿಪರೀತವಾಗಿದೆ. ಪ್ರತಿಯೊಂದು ದೂರವಾಣಿ ಕರೆಯ ಹಿಂದೆ, ಪ್ರತಿಯೊಂದು ನಗೆಯ ಹಿಂದೆ ಅವನು ಒಬ್ಬ ಕರ್ತೃವನ್ನು ಊಹಿಸುತ್ತಾನೆ. ಹ್ಯಾಲಿಡೇಯ ಎಣಿಕೆಯನ್ನು ಹಾಗೆಯೇ ಹಚ್ಚಿದವನು ಇಬ್ಬರನ್ನೂ ನಿಷ್ಕ್ರಿಯರ ಬುಟ್ಟಿಗೆ ಹಾಕಿಬಿಟ್ಟಾನು. ಆಗ ಒಬ್ಬನ ಮುಗ್ಧತೆಗೂ ಇನ್ನೊಬ್ಬನ ಸಂಶಯಕ್ಕೂ ಭೇದವೇ ಉಳಿಯದು. ಭೇದ ಉಳಿಯಬೇಕಾದರೆ ನಾಗಪ್ಪನು ಎಲ್ಲಿ ಅಂದುಕೊಳ್ಳುತ್ತಾನೆ, ಅವನಿಗೆ ಎಲ್ಲಿ ಅನ್ನಿಸುತ್ತದೆ ಎಂಬುದನ್ನು ಪುಟದಿಂದ ಪುಟಕ್ಕೆ ಹಿಂಬಾಲಿಸಬೇಕು. ತರ್ಕ ಎಲ್ಲಿ ಅವನ ಕೈಯಲ್ಲಿದೆ, ಭಯ ಎಲ್ಲಿ ಅವನ ಬಾಯಿಂದ ಮಾತಾಡಿಸುತ್ತದೆ ಎಂಬುದು ಈ ಸಂಧಿಗಳಲ್ಲಿ ಗೋಚರಿಸೀತು.

ಇನ್ನೊಂದು ರೂಪವನ್ನೂ ಈ ಶೋಧಕ್ಕೆ ಸೇರಿಸಿಕೊಳ್ಳಬೇಕು. ಕನ್ನಡದ ಮನೆಮಾತಿನಲ್ಲಿ ಕರ್ಮಣಿ ಪ್ರಯೋಗ ಕಡಮೆ. ಮಾಡಿದವನ ಹೆಸರು ಹೇಳಲಾಗದಿದ್ದರೆ ಜನ ಬಹುವಚನದ ಮೊರೆ ಹೋಗುತ್ತಾರೆ: ಕೆಲಸದಿಂದ ತೆಗೆದರಂತೆ, ವರ್ಗ ಮಾಡಿದರಂತೆ. ಹೆಸರಿಲ್ಲದಿದ್ದರೂ ಅಲ್ಲಿ ಮನುಷ್ಯರಿದ್ದಾರೆ. ಕಚೇರಿಯ ಕನ್ನಡ ಆ ನೆರಳನ್ನೂ ಅಳಿಸಿತು, ಆದೇಶಿಸಲಾಗಿದೆ, ತಡೆಹಿಡಿಯಲಾಗಿದೆ. ‘ಲಾಗಿದೆ’ ಎಂಬ ಬಾಲವಿರುವ ವಾಕ್ಯದಲ್ಲಿ ಕ್ರಿಯೆ ಪೂರ್ತಿಯಾಗಿದೆ, ಗುರಿಗೆ ತಗಲಿದೆ, ಬಿಟ್ಟವನ ಸ್ಥಾನ ಮಾತ್ರ ಬರಿದು. ಲಾಕನ ಪಾಲಿಗೆ ಕೋಲು ತಾನಾಗಿ ಕುಗ್ಗಿ ಹಿಗ್ಗಿತು. ನಾಗಪ್ಪನಂಥವನ ಪಾಲಿಗೆ ಒಂದು ಕಾಗದ ತಾನಾಗಿ ಬರೆದುಕೊಂಡು, ತಾನಾಗಿ ರುಜುವಾಗಿ, ಅಂಚೆಯಲ್ಲಿ ಬಂದು ಬೀಳುತ್ತದೆ.