ಗವರ್ನರ್ ಕಿತ್ತ ಎಂಜಿನ್

ಕಾರ್ ರೇಸಿಗೆ ಸುರಿಯಬೇಕಾದ ದುಡ್ಡು ಕಂಡು ಬೇಸತ್ತ ಕೆಲವು ಗೆಳೆಯರು 1973ರಲ್ಲಿ ಇಂಗ್ಲೆಂಡಿನ ವಿಸ್‌ಬರೋ ಗ್ರೀನ್ ಎಂಬ ಹಳ್ಳಿಯ ಪಬ್ಬಿನಲ್ಲಿ ಕೂತು, ಹುಲ್ಲು ಕತ್ತರಿಸುವ ಯಂತ್ರಗಳನ್ನೇ ಓಡಿಸಿದರೆ ಹೇಗೆ ಎಂದು ಯೋಚಿಸಿದರು. ಹಾಗೆ ಹುಟ್ಟಿದ ಬ್ರಿಟಿಷ್ ಲಾನ್ ಮೋವರ್ ರೇಸಿಂಗ್ ಅಸೋಸಿಯೇಷನ್ ನಗದು ಬಹುಮಾನ ಕೊಡುವುದಿಲ್ಲ, ಪ್ರಾಯೋಜಕರನ್ನು ಹತ್ತಿರ ಸೇರಿಸುವುದಿಲ್ಲ. ಅದರ ಹನ್ನೆರಡು ಗಂಟೆಗಳ ರೇಸನ್ನು ಕಾರ್ ರೇಸಿನಲ್ಲಿ ಹೆಸರಾದ ಸ್ಟರ್ಲಿಂಗ್ ಮಾಸ್‌ನಂಥ ಚಾಲಕನೂ ಗೆದ್ದಿದ್ದಾನೆ. ಈ ಆಟವನ್ನು ನಾನು ಮೆಚ್ಚುತ್ತೇನೆ. ಬ್ಲೇಡ್ ಕಳಚದ ಯಂತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಸವಾರ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಮೈಗೆ ಕಟ್ಟಿಕೊಂಡ ದಾರವೊಂದು ಸ್ವಿಚ್ಚಿಗೆ ಸೇರಿರಬೇಕು. ವೇಗದ ಮಾತು ಬರುವುದು ಇದೆಲ್ಲ ಆದ ಮೇಲೆ.

ಮನೆಯ ಶೆಡ್ಡಿನಲ್ಲಿ ನಡೆಯುವ ಮಾರ್ಪಾಡು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಹಳೆಯ ಮೋವರ್ ಸಿಕ್ಕಿದ ಕೂಡಲೇ ಹುಡುಗರು ಕೈ ಹಾಕುವುದು ಗವರ್ನರಿಗೆ. ಪವರ್ ಟಿಲ್ಲರ್ ಅಥವಾ ಡೀಸೆಲ್ ಪಂಪ್‌ಸೆಟ್ ಓಡಿಸಿದ ನಮ್ಮ ರೈತರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಎಂಜಿನ್ನಿನ ವೇಗ ಏರಿದಂತೆ ಪುಟ್ಟ ತೂಕಗಳೆರಡು ಹೊರಕ್ಕೆ ಚಾಚಿಕೊಂಡು, ಸಣ್ಣ ತೋಳೊಂದನ್ನು ತಳ್ಳಿ, ಥ್ರಾಟಲ್ ಮುಚ್ಚಿಸುತ್ತವೆ. ಲಾನ್ ಮೋವರಿನ ಎಂಜಿನ್ ನಿಮಿಷಕ್ಕೆ ಸುಮಾರು 3600 ಸುತ್ತು ದಾಟದ ಹಾಗೆ ಕಾಯುವುದು ಇದೇ. ಸ್ಪ್ರಿಂಗ್ ಬಿಗಿ ಮಾಡಿದರೆ ಅಥವಾ ತೋಳನ್ನೇ ಕಳಚಿದರೆ ಎಂಜಿನ್ ಒಮ್ಮೆಲೇ ಕೂಗಿಕೊಂಡು ಏರುತ್ತದೆ. ಆ ಸದ್ದಿನ ಸೆಳೆತ ದೊಡ್ಡದು, ಒಪ್ಪುತ್ತೇನೆ.

ಒಳಗೆ ಏನಾಗುತ್ತಿದೆ ಎಂದು ಆ ಸದ್ದು ಹೇಳುವುದಿಲ್ಲ. ಈ ಎಂಜಿನ್‌ಗಳಲ್ಲಿ ಹೆಚ್ಚಿನವುಗಳ ಕನೆಕ್ಟಿಂಗ್ ರಾಡ್ ಎರಕದ ಅಲ್ಯೂಮಿನಿಯಮ್ಮಿನದು. ಬೇರಿಂಗ್ ಕೂಡ ಇಲ್ಲದೆ ಅದು ನೇರವಾಗಿ ಕ್ರ್ಯಾಂಕಿನ ಮೇಲೆ ತಿರುಗುತ್ತದೆ. ಹಿಡಿದಿರುವುದು ಎರಡು ಸಣ್ಣ ಬೋಲ್ಟ್. ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಆ ರಾಡಿನ ಮೇಲೆ ಬೀಳುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 3600ರಿಂದ 5400ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಎಳೆತ ಎರಡೂಕಾಲು ಪಟ್ಟು. 7200ಕ್ಕೆ ನಾಲ್ಕು ಪಟ್ಟು. ಅಲ್ಲದೆ ಇವುಗಳಲ್ಲಿ ಎಣ್ಣೆ ಪಂಪ್ ಇಲ್ಲದವೇ ಹೆಚ್ಚು. ಎಣ್ಣೆಯನ್ನು ಎರಚಿ ಕೆಲಸ ಸಾಗಿಸುತ್ತವೆ. ಶಾಫ್ಟ್ ನೆಟ್ಟಗೆ ನಿಂತಿರುವ ಎಷ್ಟೋ ಎಂಜಿನ್‌ಗಳಲ್ಲಿ ಆ ಎಣ್ಣೆ ಎರಚುವ ಚಕ್ರ ಗವರ್ನರಿನ ಗಿಯರಿಗೇ ಅಂಟಿಕೊಂಡಿರುತ್ತದೆ. ಗವರ್ನರ್ ಬೇಡವೆಂದು ಇಡೀ ಗಿಯರನ್ನೇ ಕಿತ್ತವನು ಎಂಜಿನ್ನಿನ ಎಣ್ಣೆಯನ್ನೂ ನಿಲ್ಲಿಸಿದ ಹಾಗಾಯಿತು. ರಾಡ್ ಮುರಿದರೆ ಎಂಜಿನ್ನಿನ ಗೋಡೆ ತೂತಾಗುತ್ತದೆ, ಬಿಸಿ ಎಣ್ಣೆ ಹೊರಚಿಮ್ಮುತ್ತದೆ. ನನಗೆ ಅದಕ್ಕಿಂತ ಹೆದರಿಕೆ ಫ್ಲೈವೀಲಿನದು. ಎರಕದ ಆ ಭಾರದ ಚಕ್ರ ಸಿಡಿದರೆ, ಮೇಲಿರುವ ತೆಳು ಮುಚ್ಚಳ ಚೂರುಗಳನ್ನು ತಡೆಯಲಾರದು. ಅಮೆರಿಕದ ರೇಸುಗಳಲ್ಲಿ ಎಂಜಿನ್ ಮಾರ್ಪಡಿಸುವವರು ಗಟ್ಟಿ ಲೋಹದಿಂದ ಕಡೆದ ರಾಡ್, ಫ್ಲೈವೀಲ್ ಹಾಕಿಕೊಳ್ಳುವುದು ಈ ಭಯದಿಂದಲೇ.

ಬ್ಲೇಡ್ ಬಿಚ್ಚದೆ ವೇಗ ಏರಿಸುವುದಂತೂ ಕ್ಷಮಿಸಲಾಗದ ಕೆಲಸ. 53 ಸೆಂ.ಮೀ. ಉದ್ದದ ಬ್ಲೇಡ್ 3000 ಸುತ್ತಿನಲ್ಲಿ ತಿರುಗುವಾಗಲೇ ಅದರ ತುದಿ ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿರುತ್ತದೆ. 4500ಕ್ಕೆ ಏರಿಸಿದರೆ 450. ದಾರಿಯಲ್ಲಿ ಸಿಕ್ಕ ಕಲ್ಲು ಪಕ್ಕದ ಮನೆಯ ಮಗುವಿನ ಕಣ್ಣಿಗೆ ಬೀಳಬಹುದು. ಹಿಡಿ ಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕೆಂಬ ನಿಯಮ ಅಮೆರಿಕದಲ್ಲಿ 1982ರಿಂದ ಕೈಯಲ್ಲಿ ತಳ್ಳುವ ಮೋವರುಗಳಿಗೆ ಇದೆ. ಏರಿಸಿದ ವೇಗದಲ್ಲಿ ಅದೇ ಬ್ರೇಕ್ ಅಷ್ಟರೊಳಗೆ ಹಿಡಿಯುತ್ತದೆ ಎಂಬ ಭರವಸೆ ಯಾರೂ ಕೊಟ್ಟಿಲ್ಲ.

ಹೋಂಡಾ ಕಂಪನಿಯ ‘ಮೀನ್ ಮೋವರ್’ 2014ರಲ್ಲಿ ಗಂಟೆಗೆ 187 ಕಿ.ಮೀ. ದಾಟಿ ಗಿನ್ನೆಸ್ ದಾಖಲೆ ಮಾಡಿತು. ಇದನ್ನು ತೋರಿಸಿ ‘ಆಗುತ್ತದೆ ನೋಡಿ’ ಎನ್ನುವವರು ಅದರ ಬಾನೆಟ್ ತೆಗೆದು ನೋಡಬೇಕು. ಒಳಗಿರುವುದು ಸಾವಿರ ಸಿಸಿಯ ಮೋಟಾರ್‌ಸೈಕಲ್ ಎಂಜಿನ್. ಅದರ ಕೆಳಗೆ ಹೊಸದಾಗಿ ಕಟ್ಟಿದ ಚಾಸಿ. ಮೋವರಿನ ಎಂಜಿನ್ನಿನಿಂದ ಆ ವೇಗ ಹಿಂಡಬಹುದೆಂದು ಎಂಜಿನ್ ತಯಾರಿಸುವ ಕಂಪನಿಯೇ ನಂಬಲಿಲ್ಲ. ಜಾಹೀರಾತಾಗಿ ಅದು ಸೊಗಸಾಗಿದೆ. ಶೆಡ್ಡಿನ ಹುಡುಗನಿಗೆ ಅದು ಮಾದರಿಯಾಗದು.

ಎಂಜಿನ್ ಮುಟ್ಟದೆ ಪುಲ್ಲಿ ಬದಲಾಯಿಸಿ ವೇಗ ಪಡೆಯುವವರು ಗವರ್ನರ್ ಕೀಳುವವರಿಗಿಂತ ಜಾಣರು. ರಾಡ್, ಫ್ಲೈವೀಲ್ ಎರಡೂ ತಮ್ಮ ಮಿತಿಯಲ್ಲೇ ಉಳಿಯುತ್ತವೆ. ಆದರೆ ಗಂಟೆಗೆ 8 ಕಿ.ಮೀ. ಓಡಲೆಂದು ಮಾಡಿದ ಯಂತ್ರ 48ರಲ್ಲಿ ಓಡಿದರೆ ಬ್ರೇಕ್ ನುಂಗಬೇಕಾದ ಶಕ್ತಿ 36 ಪಟ್ಟು. ಲಾನ್ ಟ್ರ್ಯಾಕ್ಟರಿನ ಬ್ರೇಕ್ ಹಿಂಬದಿಗೆ ಮಾತ್ರ, ಅದೂ ಇಳಿಜಾರಿನಲ್ಲಿ ಜಾರದಂತೆ ಹಿಡಿಯುವಷ್ಟಕ್ಕೆ. ಸ್ಟಿಯರಿಂಗ್ ಸಡಿಲ, ಸೀಟು ಎತ್ತರ, ತಿರುವಿನಲ್ಲಿ ಮಗುಚುವುದು ಸುಲಭ. ಒಳ್ಳೆಯ ರೇಸ್ ಮೋವರಿನಲ್ಲಿ ಸೀಟನ್ನು ನೆಲದ ಹತ್ತಿರಕ್ಕೆ ಇಳಿಸಿ, ಮುಂದಿನ ಆಕ್ಸಲ್ ಗಟ್ಟಿ ಮಾಡಿ, ಹೊಸ ಬ್ರೇಕ್ ಕೂರಿಸಿರುತ್ತಾರೆ. ಖರ್ಚೂ ಶ್ರಮವೂ ಬಹುಪಾಲು ಹೋಗುವುದು ಅಲ್ಲಿಗೇ. ಮಗ ಮೋವರ್ ಬಿಚ್ಚಿಕೊಂಡು ಕೂತಿದ್ದರೆ ಅವನ ಕೈಯಿಂದ ಸ್ಪ್ಯಾನರ್ ಕಸಿಯಬೇಕಿಲ್ಲ; ಬ್ಲೇಡ್ ಎಲ್ಲಿ ತೆಗೆದಿಟ್ಟಿದ್ದಾನೆ, ಬ್ರೇಕ್ ಯಾವುದು ಹಾಕುತ್ತಾನೆ ಎಂದು ಅಪ್ಪ ಪಕ್ಕದಲ್ಲಿ ಕೂತು ಕೇಳಲಿ.