ಭಾವಗೀತೆಯ ಸಂಯೋಜನೆ ಮತ್ತು ಶಾಸ್ತ್ರಾಭ್ಯಾಸ

ಯಂತ್ರದಲ್ಲೇ ಸಿದ್ಧ ತಾಳಗಳು ದೊರೆಯುವ ಈ ಕಾಲದಲ್ಲಿ, ಭಾವಗೀತೆಗೆ ರಾಗ ಸಂಯೋಜಿಸುವವರು ಶಾಸ್ತ್ರೀಯ ಸಂಗೀತವನ್ನು ಅಭ್ಯಸಿಸಿರಬೇಕೆ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ಕಲಿತವರ ಸಂಯೋಜನೆ ಪಾಂಡಿತ್ಯದಿಂದ ಭಾರವಾಗುತ್ತದೆಂಬ ಆಕ್ಷೇಪ ನಿರಾಧಾರವಲ್ಲ. ಕವಿತೆಯನ್ನು ನೆಪಮಾಡಿಕೊಂಡು ಸ್ವರಪ್ರಸ್ತಾರಕ್ಕಿಳಿದವರೂ ಉಂಟು.

ಆದರೆ ಸಿ. ಅಶ್ವತ್ಥ್ (1939–2009) ಅವರ ದಾರಿ ಬೇರೆ. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತಿದ್ದ ಅವರು ಶಿಶುನಾಳ ಶರೀಫರ ಪದಗಳನ್ನು ಹಾಡುವಾಗ ತಾನುಗಳನ್ನು ಮೆರೆಸದೆ ಮಾತಿನ ಒತ್ತನ್ನೇ ಎತ್ತಿಹಿಡಿದರು. ಯಾವುದನ್ನು ಬಿಡಬೇಕೆಂಬ ಈ ವಿವೇಕವೂ ಅಭ್ಯಾಸದ ಫಲವೇ.

ಛಂದಸ್ಸಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕುಮಾರವ್ಯಾಸನ ಭಾಮಿನಿ ಷಟ್ಪದಿಯದು ಮೂರು-ನಾಲ್ಕು ಮಾತ್ರೆಗಳ ನಡೆ. ಏಳೆಣಿಕೆಯ ಮಿಶ್ರಛಾಪು ಅದಕ್ಕೆ ಸಹಜವಾಗಿ ಒಗ್ಗುತ್ತದೆ. ಇದನ್ನರಿಯದೆ ಎಂಟೆಣಿಕೆಯ ಸಿದ್ಧ ತಾಳಕ್ಕೆ ಸಾಲನ್ನು ಎಳೆದರೆ ಹ್ರಸ್ವವು ದೀರ್ಘವಾಗಿ, 'ಬಿಡು' ಎಂಬುದು 'ಬೀಡು' ಎಂದು ಕೇಳಿಸುತ್ತದೆ.

ಶಾಸ್ತ್ರಜ್ಞಾನವೆಂದರೆ ಪರೀಕ್ಷೆಯ ಪ್ರಮಾಣಪತ್ರವಲ್ಲ. ಕೇಳಿಯೇ ಕಲಿತ ಜನಪದ ಹಾಡುಗಾರರೂ ಲಯದಲ್ಲಿ ನುರಿತವರು. ಗಡಿನಾಡಿನ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಸಿಗದ ಕನ್ನಡ ಹಾಡಿನಿಂದ ಸಿಗುತ್ತಿದೆ. ಆ ಹಾಡೇ ಉಚ್ಚಾರವನ್ನು ಕೆಡಿಸಿದರೆ ತಿದ್ದುವವರಾರು? ಆದುದರಿಂದ ಸಂಯೋಜಕನಿಗೆ ರಾಗತಾಳಗಳ ಸಾಧನೆಯೂ ನುಡಿಯ ಲಯದ ಅರಿವೂ ಅನಿವಾರ್ಯ. ಹಾಡಿನಲ್ಲಿ ಆ ಸಾಧನೆ ಮುಂದೆ ಬಂದು ನಿಲ್ಲದೆ ಕವಿತೆಯೇ ಕೇಳಿಸುವಂತಿದ್ದರೆ ಲೇಸು.